ಫ್ಲೈಯಿಂಗ್ ಕಲಿಯಲು 1980ರ ಸೆಸ್ನಾ ಸಾಕಾ, ಹೊಸ ಗ್ಲಾಸ್ ಕಾಕ್‌ಪಿಟ್ ವಿಮಾನವೇ ಬೇಕಾ?

ದಾವಣಗೆರೆ_ಹುಡುಗ
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಮುಗಿಸಿ ಒಂದು ವರ್ಷ ಆಯಿತು. ಪೈಲಟ್ ಆಗಲು ಬೇಕಾದ ಮೆಡಿಕಲ್ ಟೆಸ್ಟ್ ಆಗಿದೆ, ಡಿಜಿಸಿಎ (ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ) ಪೇಪರ್‌ಗಳಲ್ಲಿ ಮೂರು ಪಾಸಾಗಿವೆ. ಈಗ ಫ್ಲೈಯಿಂಗ್ ಸ್ಕೂಲ್ ಆರಿಸಬೇಕು. ಹೋದ ವಾರ ಎರಡು ಕಡೆ ಹೋಗಿ ನೋಡಿಕೊಂಡು ಬಂದೆ. ಹೆಸರು ಬೇಡ, ಆಮೇಲೆ ಇಲ್ಲಿ ಜಗಳ ಶುರುವಾಗುತ್ತದೆ.

ಮೊದಲನೆಯ ಕಡೆ ಆರು ವಿಮಾನ. ನಾಲ್ಕು ಸೆಸ್ನಾ 152, ಎರಡು ಹಳೇ 172. ಎಲ್ಲವೂ 1978ರಿಂದ 1984ರ ನಡುವಿನವು. ನಮ್ಮಪ್ಪ ಹೈಸ್ಕೂಲಿನಲ್ಲಿದ್ದ ಕಾಲದ ವಿಮಾನಗಳು. ಒಂದು 152ರಲ್ಲಿ ಕೂರಿಸಿದರು. ಬಾಗಿಲು ಮೂರು ಸಲ ಎಳೆದ ಮೇಲೆ ಹಾಕಿಕೊಂಡಿತು. ಸೀಟಿನ ರೆಕ್ಸಿನ್ ಹರಿದು ಸ್ಪಂಜು ಇಣುಕುತ್ತಿತ್ತು. ಎದುರಿಗೆ ಬರೀ ಮುಳ್ಳಿನ ಮೀಟರ್‌ಗಳು.

ಎರಡನೆಯ ಕಡೆ ಮೂರು ವಿಮಾನ. ಎರಡು ಡೈಮಂಡ್ ಡಿಎ40, ಜೊತೆಗೆ ಜೋಡಿ ಎಂಜಿನ್ನಿನ ಒಂದು ಡಿಎ42. ಕೊಕ್ಕರೆ ಥರ ಬೆಳ್ಳಗೆ ನಿಂತಿದ್ದವು. ಒಳಗೆ ಮೀಟರ್‌ಗಳ ಬದಲು ಎರಡು ದೊಡ್ಡ ಸ್ಕ್ರೀನ್, ಗ್ಲಾಸ್ ಕಾಕ್‌ಪಿಟ್ ಅನ್ನುವುದು ಅದಕ್ಕೇ. ಫೀಸು 11 ಲಕ್ಷ ಜಾಸ್ತಿ.

ಅಪ್ಪ ಸೈಟ್ ಮಾರಿ ದುಡ್ಡು ಕೊಡುತ್ತಿದ್ದಾರೆ. ಅಮ್ಮ ಹಳೇ ವಿಮಾನ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾರೆ. ಅಪ್ಪ ಮಾತ್ರ, ನಮ್ಮ ಟ್ರ್ಯಾಕ್ಟರ್ 22 ವರ್ಷದಿಂದ ಓಡುತ್ತಿಲ್ವಾ ಅನ್ನುತ್ತಾರೆ. ಹಳೆಯದರಲ್ಲಿ ಕಲಿತರೆ ನಿಜವಾಗಲೂ ನಷ್ಟವಾ?

ಸುಮ್ನೆ_ಓದೋನು
ಟ್ರ್ಯಾಕ್ಟರ್ ಕೆಟ್ಟರೆ ಬದುವಿನ ಮೇಲೆ ನಿಲ್ಲಿಸಬಹುದು ಗುರು.

ಬಲಗಡೆ_ಸೀಟು
ಕಣ್ಣು ಮುಚ್ಚಿಕೊಂಡು ಎರಡನೆಯದಕ್ಕೆ ಸೇರಿ. ನಾನು ಈಗ ಏರ್‌ಬಸ್ ಎ320ರಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ನಾನು ಕಲಿತದ್ದು ಹಳೇ 152ರಲ್ಲಿ. ಟೈಪ್ ರೇಟಿಂಗ್‌ಗೆ (ಆ ಒಂದು ಮಾದರಿಯ ವಿಮಾನದ ತರಬೇತಿಗೆ) ಹೋದಾಗ ನನ್ನ ಪಕ್ಕದಲ್ಲಿದ್ದ ಹುಡುಗಿ ಡಿಎ40ರಿಂದ ಬಂದವಳು. ವೇಗ, ಎತ್ತರ, ದಿಕ್ಕು ಎಲ್ಲ ಒಂದೇ ಸ್ಕ್ರೀನಿನಲ್ಲಿ ಪಟ್ಟಿ ಥರ ಓಡುತ್ತಿರುತ್ತವೆ. ಅವಳ ಕಣ್ಣಿಗೆ ಅದು ಆಗಲೇ ಪಳಗಿತ್ತು. ನಾನು ಮುಳ್ಳು ಹುಡುಕುತ್ತಾ ಕೂತಿದ್ದೆ. ಇನ್ನೊಂದು ವಿಷಯ, ಡೈಮಂಡ್‌ನಲ್ಲಿ ಇರುವುದು ಸ್ಟಿಕ್, ಸೆಸ್ನಾದ ಥರ ಸ್ಟೀರಿಂಗ್ ಅಲ್ಲ. ಏರ್‌ಬಸ್‌ಗೂ ಸ್ಟಿಕ್ಕೇ. ಮುಂದೆ ಓಡಿಸುವುದು ಅದನ್ನೇ ಅಂದ ಮೇಲೆ 1980ರ ಮ್ಯೂಸಿಯಂನಲ್ಲಿ ಯಾಕೆ ಕಲಿಯಬೇಕು?

ಹಳೇ_ಇನ್‌ಸ್ಟ್ರಕ್ಟರ್
ಮ್ಯೂಸಿಯಂ ಅಂದಿರಿ, ಬಹಳ ಸಂತೋಷ. ನಾನು ಕಲಿತದ್ದು ಬೆಂಗಳೂರಿನ ಜಕ್ಕೂರಿನಲ್ಲಿ, ಪುಷ್ಪಕ್ ವಿಮಾನದಲ್ಲಿ. ನಮ್ಮ ಎಚ್‌ಎಎಲ್ ಕಟ್ಟಿದ್ದು. 1958ರಲ್ಲಿ ಮೊದಲ ಸಲ ಹಾರಿದ್ದು. 90 ಕುದುರೆ ಶಕ್ತಿಯ ಎಂಜಿನ್, ಬಟ್ಟೆ ಹೊದಿಸಿದ ರೆಕ್ಕೆ, ಬಾಲದಲ್ಲಿ ಪುಟ್ಟ ಚಕ್ರ. ಸ್ಟಾರ್ಟರ್ ಇರಲಿಲ್ಲ. ಒಬ್ಬ ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಬೇಕು. ಅದರಲ್ಲಿ ಕಲಿತ ನನ್ನ ಜೊತೆಯವರು ಜಂಬೋ ಜೆಟ್ ಓಡಿಸಿ ರಿಟೈರ್ ಆದರು.

ಕಾಲಿನ ಕೆಲಸ ಕಲಿಸುವುದು ಹಳೇ ವಿಮಾನ. ಪೆಡಲ್ ಸರಿಯಾಗಿ ಒತ್ತದಿದ್ದರೆ ಮೂಗು ಅಡ್ಡ ತಿರುಗುತ್ತದೆ, ಸೊಂಟಕ್ಕೇ ಗೊತ್ತಾಗುತ್ತದೆ. ಸ್ಕ್ರೀನ್ ನೋಡಿ ಕಲಿತ ಮಕ್ಕಳು ಕಿಟಕಿ ಹೊರಗೆ ನೋಡುವುದೇ ಇಲ್ಲ. ಚೆಕ್ ರೈಡ್‌ನಲ್ಲಿ, ಅಂದರೆ ಪರೀಕ್ಷೆಯ ಹಾರಾಟದಲ್ಲಿ, ನಾನು ಸ್ಕ್ರೀನಿನ ಬ್ರೈಟ್‌ನೆಸ್ ಪೂರ್ತಿ ಇಳಿಸಿಬಿಡುತ್ತಿದ್ದೆ. ಮುಖದ ಬಣ್ಣವೂ ಅದರ ಜೊತೆಗೇ ಇಳಿಯುತ್ತಿತ್ತು.

ಬಲಗಡೆ_ಸೀಟು
ಸರ್, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಅದು ವಿಮಾನದ ತಪ್ಪಲ್ಲ, ಕಲಿಸುವವರ ತಪ್ಪು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹಳೇ_ಇನ್‌ಸ್ಟ್ರಕ್ಟರ್
ಆ ಗಾದೆ ನಿಮಗೂ ಹೊಂದುತ್ತದೆ ತಮ್ಮಾ. ಮುಳ್ಳು ಸಿಗಲಿಲ್ಲ ಅಂತ 152ರ ಮೇಲೆ ಹಾಕಿದಿರಲ್ಲ.

ಸುಮ್ನೆ_ಓದೋನು
ಪಾಪ್‌ಕಾರ್ನ್ ತಂದೆ. ಮುಂದುವರಿಸಿ.

ಸ್ಪಾನರ್_ಸಿದ್ದ
ನಾನು ಎಎಂಇ. ವಿಮಾನ ರಿಪೇರಿ ಮಾಡುವವನು, ಓಡಿಸುವವನಲ್ಲ. ನೀವಿಬ್ಬರೂ ಮೀಟರ್ ಮೇಲೆ ಜಗಳ ಆಡುತ್ತಿದ್ದೀರಿ. ಹುಡುಗ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಹೇಳಿಕೊಡಲಿಲ್ಲ.

ತಮ್ಮಾ, ಎರಡೂ ಕಡೆ ಫೋನ್ ಮಾಡಿ ಎರಡೇ ವಿಷಯ ಕೇಳು. ಎಷ್ಟು ಜನ ಸ್ಟೂಡೆಂಟ್ಸ್ ಇದ್ದಾರೆ? ಇವತ್ತು, ಈ ಹೊತ್ತು, ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ? ಹ್ಯಾಂಗರ್‌ನಲ್ಲಿ ಎಂಜಿನ್ ಬಿಚ್ಚಿಕೊಂಡು ಕೂತಿರುವುದನ್ನು ಲೆಕ್ಕಕ್ಕೆ ಹಿಡಿಯಬೇಡ.

ಹಳೇ ವಿಮಾನ ಅಂದರೆ ಏನು ಅನ್ನುವುದನ್ನೂ ತಿಳಿದುಕೋ. 152ರ ಬಾಡಿ 1980ರದು ಇರಬಹುದು. ಆದರೆ ಅದರ ಲೈಕಮಿಂಗ್ ಎಂಜಿನ್ 2400 ಗಂಟೆಗೆ ಓವರ್‌ಹಾಲ್‌ಗೆ ಬರುತ್ತದೆ. 50 ಗಂಟೆಗೆ ಆಯಿಲ್, 100 ಗಂಟೆಗೆ ದೊಡ್ಡ ಚೆಕ್. ಹೋದ ವರ್ಷ ಓವರ್‌ಹಾಲ್ ಆದ ಎಂಜಿನ್ ಹಳೇ ಬಾಡಿಯಲ್ಲಿ ಕೂತಿರಬಹುದು. ಹೊಸ ಬಾಡಿಯಲ್ಲಿ ಸುಸ್ತಾದ ಎಂಜಿನ್ನೂ ಇರಬಹುದು. ಹೊಸ ಬಣ್ಣ ನೋಡಿ ಮರುಳಾಗಬೇಡ. ಮೇಲೆ ಥಳುಕು ಒಳಗೆ ಹುಳುಕು ಅನ್ನುವುದನ್ನು ನಾನು ಪ್ಯಾನಲ್ ಬಿಚ್ಚಿ ಎಷ್ಟು ಸಲ ನೋಡಿದ್ದೇನೋ.

ಮೈಸೂರಿನ_ತಾಯಿ
ನನ್ನ ಮಗ ಒಂದು ಕಡೆ ಟ್ರೇನಿಂಗ್‌ನಲ್ಲಿದ್ದಾನೆ. ಯಾವ ಊರು, ಯಾವ ಸ್ಕೂಲು ಅಂತ ಹೇಳುವುದಿಲ್ಲ. ಹೊಸ ವಿಮಾನ ಅಂತಲೇ ಸೇರಿಸಿದೆವು. ಹದಿನಾಲ್ಕು ತಿಂಗಳಾಯಿತು, 61 ಗಂಟೆ ಆಗಿದೆ. ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ) ಬೇಕಾದದ್ದು 200. ಎರಡು ವಿಮಾನ ನಾಲ್ಕು ತಿಂಗಳಿಂದ ನಿಂತಿವೆಯಂತೆ. ಪಾರ್ಟ್ ಹೊರದೇಶದಿಂದ ಬರಬೇಕು, ಬಂದರೆ ಕಸ್ಟಮ್ಸ್‌ನಲ್ಲಿ ಕೂರುತ್ತದೆ ಅನ್ನುತ್ತಾನೆ. ತಿಂಗಳುಗಟ್ಟಲೆ ಹಾರದಿದ್ದರೆ ಮತ್ತೆ ಇನ್‌ಸ್ಟ್ರಕ್ಟರ್ ಜೊತೆ ಚೆಕ್ ಕೊಡಬೇಕು. ಅದಕ್ಕೂ ನಮ್ಮದೇ ದುಡ್ಡು. ಹಾಸ್ಟೆಲ್ ಬಾಡಿಗೆ, ಊಟ ಬೇರೆ. ಹಳೆಯದೋ ಹೊಸದೋ, ಹಾರುವ ವಿಮಾನ ಇರುವ ಕಡೆ ಹೋಗು ಕಂದಾ.

ಸ್ಪಾನರ್_ಸಿದ್ದ
ಅಮ್ಮಾ ಹೇಳಿದ್ದೇ ನಮ್ಮ ಭಾಷೆಯಲ್ಲಿ ಎಒಜಿ. ವಿಮಾನ ನೆಲದ ಮೇಲೆ, ಪಾರ್ಟ್ ಆಕಾಶದಲ್ಲಿ.

ಫೀನಿಕ್ಸ್_ಕನ್ನಡಿಗ
ಅರಿಜೋನಾದಿಂದ ನಮಸ್ಕಾರ. ಮೂಲ ಶಿರಸಿ. ಇಲ್ಲಿ ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಮಾಡಿದೆ, 1979ರ ಪೈಪರ್ ವಾರಿಯರ್‌ನಲ್ಲಿ. ಅಮೆರಿಕದಲ್ಲಿ 1970ರ ದಶಕದ ವಿಮಾನದಲ್ಲಿ ಕಲಿಯುವುದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಅದಕ್ಕೊಂದು ಕಥೆ ಇದೆ. ಸೆಸ್ನಾ ಕಂಪನಿ 1986ರಲ್ಲಿ ಸಣ್ಣ ಪಿಸ್ಟನ್ ವಿಮಾನ ಮಾಡುವುದನ್ನೇ ನಿಲ್ಲಿಸಿತು. ಹಳೇ ವಿಮಾನ ಬಿದ್ದರೂ ಕಂಪನಿ ಮೇಲೆ ಕೇಸು ಬೀಳುತ್ತಿತ್ತು, ವಿಮೆಯ ಖರ್ಚು ಮೇಲಕ್ಕೆ ಹೋಯಿತು. 1994ರಲ್ಲಿ ಕಾನೂನು ತಂದು, 18 ವರ್ಷ ದಾಟಿದ ಸಣ್ಣ ವಿಮಾನಗಳ ಬಗ್ಗೆ ತಯಾರಕರ ಮೇಲೆ ಕೇಸು ಹಾಕುವುದಕ್ಕೆ ಮಿತಿ ಹಾಕಿದರು. 1996ರಲ್ಲಿ 172 ಮತ್ತೆ ಶುರುವಾಯಿತು. 152 ವಾಪಸ್ ಬರಲೇ ಇಲ್ಲ. ಅದಕ್ಕೇ 152 ಅಂದರೆ ಎಲ್ಲವೂ ಹಳೆಯದೇ. ಹೊಸ 152 ಹುಡುಕಿದರೂ ಸಿಗುವುದಿಲ್ಲ.

ಹೊಸ 172ದಲ್ಲಿ ಕಾರ್ಬ್ಯುರೇಟರ್ ಇಲ್ಲ, ಫ್ಯೂಯಲ್ ಇಂಜೆಕ್ಷನ್. ಕೇಳಲು ಚೆಂದ. ಆದರೆ ಜುಲೈ ಮಧ್ಯಾಹ್ನ ಇಂಧನ ತುಂಬಿಸಿಕೊಂಡು ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ ನೋಡಿ. ಬಿಸಿ ಎಂಜಿನ್ನಿನ ಪೈಪಿನಲ್ಲಿ ಇಂಧನ ಆವಿಯಾಗಿರುತ್ತದೆ. ಪ್ರೊಪೆಲ್ಲರ್ ತಿರುಗುತ್ತಲೇ ಇರುತ್ತದೆ, ಎಂಜಿನ್ ಹತ್ತುವುದಿಲ್ಲ. ಒಂದು ಸಲ ಬ್ಯಾಟರಿ ಖಾಲಿ ಮಾಡಿಕೊಂಡು, ರೆಕ್ಕೆಯ ನೆರಳಿನಲ್ಲಿ ಒಂದು ಗಂಟೆ ಕೂತಿದ್ದೆ. ನನ್ನ ಹಳೇ ವಾರಿಯರ್ ಈ ವಿಷಯದಲ್ಲಿ ಒಳ್ಳೇ ಹಸು.

ಹಳೇ_ಇನ್‌ಸ್ಟ್ರಕ್ಟರ್
ಕಾರ್ಬ್ಯುರೇಟರ್‌ಗೆ ಬೇರೆ ರೋಗ ಇದೆ, ಅದನ್ನೂ ಹೇಳಿಬಿಡುತ್ತೇನೆ. ಒಂದು ಆಗಸ್ಟ್, ಜಕ್ಕೂರಿಗೆ ವಾಪಸ್ ಬರುತ್ತಿದ್ದೆವು. ಮೋಡ, ತೇವ, ಹೊರಗೆ ಇಪ್ಪತ್ತೆರಡು ಡಿಗ್ರಿ. ಹುಡುಗ ಪವರ್ ಕಮ್ಮಿ ಮಾಡಿಕೊಂಡು ಇಳಿಸುತ್ತಿದ್ದ. ಎಂಜಿನ್ ಗೊರಗೊರ ಅಂದಿತು. ಕಾರ್ಬ್ ಹೀಟ್, ಅಂದರೆ ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡುವ ಹಿಡಿ, ಎಳೆ ಅಂದೆ. ಎಳೆದ. ಇನ್ನೂ ಜೋರಾಗಿ ಕೆಮ್ಮಿತು. ಹೆದರಿ ವಾಪಸ್ ತಳ್ಳಲು ಹೋದ, ನಾನು ಅವನ ಕೈ ಹಿಡಿದುಕೊಂಡೆ. ಒಳಗಿನ ಐಸು ಕರಗಿ ನೀರು ಎಂಜಿನ್ ಒಳಗೆ ಹೋಗುವಾಗ ಹಾಗೆ ಕೆಮ್ಮುತ್ತದೆ. ಅರ್ಧ ನಿಮಿಷದಲ್ಲಿ ಸರಿಹೋಯಿತು. ಕೆಳಗಿಳಿದ ಮೇಲೆ "ಸರ್, ಬೆಂಗಳೂರಿನಲ್ಲಿ ಐಸಾ?" ಅಂದ. ಹೂಂ. ಕಾರ್ಬ್ಯುರೇಟರ್‌ಗೆ ಊರು ಯಾವುದು ಅಂತ ಗೊತ್ತಿಲ್ಲ. ಗಾಳಿ ಕಿರಿದಾದ ಜಾಗದಲ್ಲಿ ನುಗ್ಗುವಾಗ, ಇಂಧನ ಆವಿಯಾಗುವಾಗ, ಒಳಗೆ ತಣ್ಣಗಾಗುತ್ತದೆ. ತೇವ ಇದ್ದರೆ ಹೊರಗೆ ಬೆಚ್ಚಗಿದ್ದರೂ ಐಸು ಕಟ್ಟುತ್ತದೆ.

ಬಲಗಡೆ_ಸೀಟು
ಸರ್, ಇದು ನನ್ನ ವಾದಕ್ಕೇ ಬಲ ಕೊಡುತ್ತದೆ ಅಲ್ವಾ? ಇಂಜೆಕ್ಷನ್ ಇದ್ದರೆ ಆ ತಲೆನೋವೇ ಇಲ್ಲ. ಡಿಎ40 ಹೊಸದರಲ್ಲಿ ಡೀಸೆಲ್ ಎಂಜಿನ್. ಒಂದೇ ಲಿವರ್. ಗಾಳಿ-ಇಂಧನದ ಹದ ನೋಡುವ ಮಿಕ್ಸ್ಚರ್ ಲಿವರ್ ಇಲ್ಲ, ಕಾರ್ಬ್ ಹೀಟ್ ಇಲ್ಲ. ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಹಳೇ_ಇನ್‌ಸ್ಟ್ರಕ್ಟರ್
ತಲೆನೋವು ಇಲ್ಲ, ಸರಿ. ಅದರ ಜೊತೆಗೆ ಆ ಹುಡುಗ ಅವತ್ತು ಕಲಿತ ಪಾಠವೂ ಇಲ್ಲ.

ಸ್ಪಾನರ್_ಸಿದ್ದ
ಡೀಸೆಲ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಅದು ಜೆಟ್ ಎ1 ಕುಡಿಯುತ್ತದೆ, ಏರ್‌ಪೋರ್ಟ್‌ನಲ್ಲಿ ದೊಡ್ಡ ವಿಮಾನಗಳಿಗೆ ಹಾಕುವುದೇ. ಸೆಸ್ನಾಗಳಿಗೆ ಬೇಕಾದದ್ದು ಆವ್‌ಗ್ಯಾಸ್ 100ಎಲ್‌ಎಲ್, ವಿಮಾನದ ಪೆಟ್ರೋಲ್. ನೀಲಿ ಬಣ್ಣ, ಸೀಸ ಬೆರೆತದ್ದು. ಮೊದಲೆಲ್ಲ ಇದು ಹೊರಗಿನಿಂದಲೇ ಬರಬೇಕಿತ್ತು. ಬ್ಯಾರಲ್ ಬರದೆ ವಿಮಾನ ನಿಂತದ್ದನ್ನು ನಾನೇ ನೋಡಿದ್ದೇನೆ. 2022ರಲ್ಲಿ ಇಂಡಿಯನ್ ಆಯಿಲ್ ವಡೋದರಾದಲ್ಲಿ ತಯಾರಿಸಲು ಶುರು ಮಾಡಿತು. ಆದರೂ ಜೆಟ್ ಇಂಧನಕ್ಕಿಂತ ತುಂಬಾ ದುಬಾರಿ. ಈ ಒಂದು ವಿಷಯದಲ್ಲಿ ನಾನು ಹೊಸದರ ಪಕ್ಷ.

ಇನ್ನು ಟೆಕ್ನಾಮ್ ಥರದ ಹೊಸ ಸಣ್ಣ ವಿಮಾನಗಳಲ್ಲಿ ಬರುವ ರೋಟಾಕ್ಸ್ ಎಂಜಿನ್. ಅದರ ಆಯಿಲ್ ನೋಡುವ ಮೊದಲು ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತಾ ಇರಬೇಕು. ಟ್ಯಾಂಕಿನ ಒಳಗಿಂದ ಗುಳುಗುಳು ಅಂತ ಸದ್ದು ಬರಬೇಕು, ಹೊಟ್ಟೆ ತುಂಬಿದ ಎಮ್ಮೆ ತೇಗಿದ ಹಾಗೆ. ಆಮೇಲೆಯೇ ಕಡ್ಡಿ ಎತ್ತಿ ನೋಡಬೇಕು. ಹೊಸ ಹುಡುಗರು ತಿರುಗಿಸದೆ ಕಡ್ಡಿ ನೋಡಿ, ಆಯಿಲ್ ಕಮ್ಮಿ ಅಂತ ಮೇಲೆ ಸುರಿದುಬಿಡುತ್ತಾರೆ. ಪ್ರತಿ ವಿಮಾನಕ್ಕೂ ಒಂದೊಂದು ಹಟ.

ಹಂಸ_ಪ್ರೇಮಿ
ಇಷ್ಟೆಲ್ಲ ಮಾತಾಡಿದಿರಿ, ನಮ್ಮ ಬೆಂಗಳೂರಿನ ಹಂಸ ಯಾರಿಗೂ ನೆನಪಾಗಲಿಲ್ಲವಾ? ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಮಾಡಿದ್ದು. ಎರಡು ಸೀಟು ಅಕ್ಕಪಕ್ಕ, ಬಾಡಿ ಕಾಂಪೊಸಿಟ್. ಹೊಸ ಹಂಸ ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿತು. ಗ್ಲಾಸ್ ಕಾಕ್‌ಪಿಟ್, ರೋಟಾಕ್ಸ್ ಎಂಜಿನ್. ಫ್ಲೈಯಿಂಗ್ ಕ್ಲಬ್‌ಗಳಿಗೆ ಅಂತಲೇ ಮಾಡಿದ್ದು.

ಸುಮ್ನೆ_ಓದೋನು
ಹಂಸ ನೋಡಿದ್ದೀರಾ ಯಾವುದಾದರೂ ಸ್ಕೂಲಿನಲ್ಲಿ?

ಹಂಸ_ಪ್ರೇಮಿ
ಹಳೇ ಹಂಸ-3 ಕೆಲವು ಕ್ಲಬ್‌ಗಳಿಗೆ ಹೋಗಿತ್ತು. ಐಐಟಿ ಕಾನ್ಪುರದಲ್ಲೂ ಒಂದು ಇತ್ತು. ಎನ್‌ಜಿ ಬರುತ್ತದೆ, ಕಾಯಿರಿ.

ಹಳೇ_ಇನ್‌ಸ್ಟ್ರಕ್ಟರ್
ಎಚ್‌ಟಿ-2 ಇದೇ ಬೆಂಗಳೂರಿನಿಂದ 1951ರಲ್ಲಿ ಹಾರಿತು. ಡಾ. ಘಾಟಗೆಯವರ ತಂಡದ ಕೆಲಸ. ನಮ್ಮ ದೇಶದಲ್ಲೇ ರೂಪಿಸಿ ಸಾಲಾಗಿ ತಯಾರಿಸಿದ ಮೊದಲ ವಿಮಾನ ಅದು, ಅದೂ ತರಬೇತಿ ವಿಮಾನ. ಶುರು ಮಾಡುವುದರಲ್ಲಿ ನಾವು ಯಾವಾಗಲೂ ಮುಂದೆ. ಕಾಯುವುದರಲ್ಲೂ.

ನಿರ್ವಾಹಕ
ಹಂಸದ ಬಗ್ಗೆ ಬೇರೆ ಎಳೆ ಶುರು ಮಾಡಿ ದಯವಿಟ್ಟು. ಹುಡುಗನ ಪ್ರಶ್ನೆಗೆ ಬನ್ನಿ.

ದಾವಣಗೆರೆ_ಹುಡುಗ
ಸಿದ್ದಣ್ಣಾ, ಎರಡೂ ಕಡೆ ಕೇಳಿದೆ. ಮೊದಲನೆಯ ಕಡೆ 38 ಜನ ಇದ್ದಾರಂತೆ, ಆರರಲ್ಲಿ ನಾಲ್ಕು ಹಾರುತ್ತಿವೆ. ಎರಡನೆಯ ಕಡೆ ಮೊದಲು "ಚಿಂತೆ ಮಾಡಬೇಡಿ ಸರ್, ಇನ್ನೂ ಎರಡು ವಿಮಾನ ಬರುತ್ತಿವೆ" ಅಂದರು. ಮೂರು ಸಲ ಕೇಳಿದ ಮೇಲೆ 52 ಅಂದರು. ಮೂರೂ ಹಾರುತ್ತಿವೆಯಂತೆ.

ಸ್ಪಾನರ್_ಸಿದ್ದ
ಈಗ ಲೆಕ್ಕ ಹಾಕು. ಒಂದು ಟ್ರೇನರ್ ವಿಮಾನ ಚೆನ್ನಾಗಿ ಹಾರಿದರೆ ವರ್ಷಕ್ಕೆ 800 ಗಂಟೆ ಅಂದುಕೋ. ಮಳೆ, ಮಂಜು, ಚೆಕ್ ಎಲ್ಲ ಕಳೆದು.

ಎರಡನೆಯ ಕಡೆ: ಡಿಎ42 ಇರುವುದು ಕೊನೆಯ ಮಲ್ಟಿ ಎಂಜಿನ್‌ಗೆ, ಅದನ್ನು ಬಿಡು. ಎರಡು ಡಿಎ40, ವರ್ಷಕ್ಕೆ 1600 ಗಂಟೆ. 52 ಜನಕ್ಕೆ ಹಂಚಿದರೆ ತಲೆಗೆ 31 ಗಂಟೆ. ಹೀಗೇ ಹೋದರೆ 200 ಗಂಟೆಗೆ ಆರು ವರ್ಷದ ಮೇಲೆ.

ಮೊದಲನೆಯ ಕಡೆ: ನಾಲ್ಕು ವಿಮಾನ, 3200 ಗಂಟೆ. 38 ಜನಕ್ಕೆ ತಲೆಗೆ 84. ಅಲ್ಲೂ 200ಕ್ಕೆ ಎರಡು ವರ್ಷದ ಮೇಲೆ ಬೇಕು. ಎಲ್ಲರೂ ಒಂದೇ ಹಂತದಲ್ಲಿ ಇರುವುದಿಲ್ಲ, ಕೆಲವರು ಮುಗಿಸಿ ಹೋಗುತ್ತಾರೆ, ಸಿಮ್ಯುಲೇಟರ್‌ನಲ್ಲೂ ಒಂದಷ್ಟು ಗಂಟೆ ಆಗುತ್ತದೆ. ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ 31 ಮತ್ತು 84ರ ನಡುವಿನ ಅಂತರ ಎಲ್ಲೂ ಹೋಗುವುದಿಲ್ಲ.

ಮೈಸೂರಿನ_ತಾಯಿ
ಈ ಲೆಕ್ಕವನ್ನು ಯಾರಾದರೂ ನಮಗೆ ಎರಡು ವರ್ಷದ ಹಿಂದೆ ಹೇಳಿದ್ದರೆ.

ಬಲಗಡೆ_ಸೀಟು
ಇದನ್ನು ಒಪ್ಪುತ್ತೇನೆ. ಎರಡು ವಿಮಾನಕ್ಕೆ 52 ಜನ ಅನ್ನುವುದು ಹಗಲುದರೋಡೆ. 2025ರಿಂದ ಡಿಜಿಸಿಎ ಸ್ಕೂಲ್‌ಗಳಿಗೆ ಗ್ರೇಡ್ ಕೊಡುತ್ತಿದೆ. ಮೊದಲ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ಎ++ ಯಾರಿಗೂ ಸಿಗಲಿಲ್ಲ. ಅದನ್ನೂ ನೋಡಿಕೊಳ್ಳಿ. ಆದರೆ ಇದು ಆ ಸ್ಕೂಲಿನ ದುರಾಸೆ, ಹೊಸ ವಿಮಾನದ ತಪ್ಪಲ್ಲ. ನನ್ನ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಸುರಕ್ಷತೆ? 45 ವರ್ಷದ ಲೋಹ ಸರ್. ಲೋಹಕ್ಕೂ ಆಯಾಸ ಆಗುತ್ತದೆ.

ಫೀನಿಕ್ಸ್_ಕನ್ನಡಿಗ
ಆಯಾಸ ಆಗುತ್ತದೆ ನಿಜ. ಆದರೆ ವರ್ಷದಿಂದ ಮಾತ್ರ ಅಲ್ಲ, ಹಾರಿದ ಗಂಟೆಯಿಂದ, ಇಳಿದ ಏಟಿನಿಂದ. 2018ರ ಏಪ್ರಿಲ್‌ನಲ್ಲಿ ಫ್ಲಾರಿಡಾದ ಡೇಟೋನಾ ಬೀಚ್ ಹತ್ತಿರ ಒಂದು ಪೈಪರ್ ಆ್ಯರೋ ವಿಮಾನದ ಎಡ ರೆಕ್ಕೆ ಗಾಳಿಯಲ್ಲೇ ಕಳಚಿತು. ಸ್ಟೂಡೆಂಟ್ ಮತ್ತು ಪರೀಕ್ಷಕ ಇಬ್ಬರೂ ಹೋದರು. ರೆಕ್ಕೆಯ ಒಳಗಿನ ಮುಖ್ಯ ತೊಲೆಯಲ್ಲಿ, ಬೋಲ್ಟ್ ತೂತಿನ ಹತ್ತಿರ, ಬಿರುಕು ಬೆಳೆದಿತ್ತು. ಆ ವಿಮಾನ 1979ರದಲ್ಲ. 2007ರದು. ಹತ್ತು ಹನ್ನೊಂದು ವರ್ಷದಲ್ಲಿ 7690 ಗಂಟೆ ಹಾರಿತ್ತು, ಬಹುಪಾಲು ಟ್ರೇನಿಂಗ್‌ನಲ್ಲಿ. ಆಮೇಲೆ ಇಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ, ಆ ಕುಟುಂಬದ ಎಷ್ಟೋ ವಿಮಾನಗಳಿಗೆ ಬೋಲ್ಟ್ ಬಿಚ್ಚಿ ಎಡ್ಡಿ ಕರೆಂಟ್ ಪರೀಕ್ಷೆ (ಕಣ್ಣಿಗೆ ಕಾಣದ ಬಿರುಕನ್ನು ವಿದ್ಯುತ್ತಿನಿಂದ ಹುಡುಕುವುದು) ಮಾಡಿಸಬೇಕು ಅಂತ ಆದೇಶ ಹೊರಡಿಸಿತು.

ನನ್ನ ವಾರಿಯರ್ ಮಾಲೀಕ ಆ ಪರೀಕ್ಷೆ ಮಾಡಿಸಿದ ದಿನ ನಾನೂ ಇದ್ದೆ. ಪೆನ್ನಿನಷ್ಟು ಸಣ್ಣ ಪ್ರೋಬ್ ತೂತಿನೊಳಗೆ ತಿರುಗುತ್ತದೆ, ಪುಟ್ಟ ಪರದೆಯಲ್ಲಿ ಗೆರೆ ಓಡುತ್ತದೆ. ಗೆರೆ ನೆಟ್ಟಗೆ ಇತ್ತು. ಆದರೂ ನಮ್ಮ ಮುದುಕ ಮೆಕ್ಯಾನಿಕ್ ಮತ್ತೊಂದು ಸಲ ತಿರುಗಿಸಿದ.

ಫೀನಿಕ್ಸ್_ಕನ್ನಡಿಗ
ಮರೆತೆ. ಗ್ಲಾಸ್ ಕಾಕ್‌ಪಿಟ್ ಸುರಕ್ಷಿತ ಅನ್ನುವ ಬಗ್ಗೆ. ಅಮೆರಿಕದಲ್ಲಿ ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿ 2010ರಲ್ಲಿ ಒಂದು ಅಧ್ಯಯನ ಹೊರತಂದಿತು. 2002ರಿಂದ 2006ರ ನಡುವೆ ತಯಾರಾದ ಸಣ್ಣ ವಿಮಾನಗಳನ್ನು ಹೋಲಿಸಿದರು. ಗ್ಲಾಸ್ ಇದ್ದವುಗಳಲ್ಲಿ ಒಟ್ಟು ಅಪಘಾತದ ಪ್ರಮಾಣ ಕಮ್ಮಿ, ಸಾವಾಗುವ ಅಪಘಾತದ ಪ್ರಮಾಣ ಜಾಸ್ತಿ.

ಬಲಗಡೆ_ಸೀಟು
ಆ ಅಧ್ಯಯನವನ್ನು ಪೂರ್ತಿ ಹೇಳಿ ಸ್ವಾಮಿ. ಗ್ಲಾಸ್ ವಿಮಾನಗಳನ್ನು ಜನ ದೂರ ಪ್ರಯಾಣಕ್ಕೆ, ಮೋಡದೊಳಗೆ ಬಳಸುತ್ತಿದ್ದರು. ಮುಳ್ಳಿನವು ಹೆಚ್ಚಾಗಿ ಟ್ರೇನಿಂಗ್‌ನಲ್ಲಿ ಸುತ್ತುತ್ತಿದ್ದವು. ಬಳಕೆಯೇ ಬೇರೆ. ಅದೂ ಅದೇ ಅಧ್ಯಯನದಲ್ಲಿದೆ.

ಫೀನಿಕ್ಸ್_ಕನ್ನಡಿಗ
ಹೂಂ, ಅದು ಸರಿ. ಅದನ್ನು ಹೇಳದೆ ಬಿಟ್ಟದ್ದು ನನ್ನ ತಪ್ಪು.

ಸುಮ್ನೆ_ಓದೋನು
ಆನ್‌ಲೈನ್‌ನಲ್ಲಿ ಒಬ್ಬರು ತಪ್ಪು ಒಪ್ಪಿಕೊಂಡರು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ.

ಸ್ಪಾನರ್_ಸಿದ್ದ
ತಮ್ಮಾ, ತಪ್ಪು ತಿಳಿಯಬೇಡ, ನಿನ್ನ ತೂಕ ಎಷ್ಟು?

ದಾವಣಗೆರೆ_ಹುಡುಗ
92. ಯಾಕೆ?

ಸ್ಪಾನರ್_ಸಿದ್ದ
ಅದಕ್ಕೇ ಕೇಳಿದ್ದು. ಬೆಣ್ಣೆದೋಸೆ ಊರಿನವನು ಅಂತ ಅನುಮಾನ ಇತ್ತು.

152 ಎತ್ತಬಹುದಾದ ಒಟ್ಟು ತೂಕ 757 ಕೆ.ಜಿ. ನಾನು ತೂಗಿರುವ ಖಾಲಿ ವಿಮಾನಗಳು 520ರ ಆಸುಪಾಸು. ಉಳಿದದ್ದು 237. ಟ್ಯಾಂಕ್ ತುಂಬಿಸಿದರೆ ಬಳಸಬಹುದಾದ ಇಂಧನ ಸುಮಾರು 93 ಲೀಟರ್, ಅಂದರೆ 67 ಕೆ.ಜಿ. ಈಗ ಉಳಿದದ್ದು 170. ನೀನು 92. ಇನ್‌ಸ್ಟ್ರಕ್ಟರ್ 82 ಅಂದುಕೋ. 174. ಬ್ಯಾಗು, ಹೆಡ್‌ಸೆಟ್ಟು ಇನ್ನೂ ಇಟ್ಟೇ ಇಲ್ಲ, ಆಗಲೇ ನಾಲ್ಕು ಕೆ.ಜಿ. ಜಾಸ್ತಿ.

ಹಾಗಂತ ಹಾರಕ್ಕೆ ಆಗಲ್ಲ ಅಂತಲ್ಲ. ಗಂಟೆಗೆ 23 ಲೀಟರ್ ಕುಡಿಯುತ್ತದೆ. ಸರ್ಕ್ಯೂಟ್‌ಗೆ (ರನ್‌ವೇ ಸುತ್ತ ಹಾರಿ ಇಳಿಯುವ ಅಭ್ಯಾಸಕ್ಕೆ) 60 ಲೀಟರ್ ಧಾರಾಳ. ಆದರೆ ಇನ್‌ಸ್ಟ್ರಕ್ಟರ್ ಜೊತೆ ಊರಿಂದ ಊರಿಗೆ ಹೋಗುವ ಉದ್ದದ ಕ್ರಾಸ್ ಕಂಟ್ರಿಗೆ ನಿನಗೆ 172 ಬೇಕು. ಹೊಸ ಎರಡು ಸೀಟಿನವು ಇದಕ್ಕಿಂತ ಮೇಲು ಅಂದುಕೊಳ್ಳಬೇಡ. ಅವುಗಳಲ್ಲಿ ಎಷ್ಟೋ 600-650 ಕೆ.ಜಿ. ವರ್ಗದವು.

ಹಳೇ_ಇನ್‌ಸ್ಟ್ರಕ್ಟರ್
ಇದರ ಮೇಲೆ ಬಿಸಿಲನ್ನು ಸೇರಿಸು. ಬೆಂಗಳೂರು ಇರುವುದು ಸುಮಾರು 3000 ಅಡಿ ಎತ್ತರದಲ್ಲಿ. ಆ ಎತ್ತರಕ್ಕೆ ಪುಸ್ತಕದ ಪ್ರಕಾರ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 34. ಹೆಚ್ಚಾದ 25 ಡಿಗ್ರಿಯಲ್ಲಿ ಒಂದೊಂದಕ್ಕೂ 120 ಅಡಿ ಸೇರಿಸು. ಇನ್ನೂ 3000 ಅಡಿ. ನೀನು ನಿಂತಿರುವುದು ರನ್‌ವೇ ಮೇಲೆ, ವಿಮಾನದ ಮಟ್ಟಿಗೆ 6000 ಅಡಿ ಮೇಲಿನ ಗಾಳಿ. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 715 ಅಡಿ ಏರುವ 152 ಅಲ್ಲಿ ಐನೂರೂ ಏರುವುದಿಲ್ಲ. ಬೆಳಿಗ್ಗೆ ಆರಕ್ಕೆ ಹಾರು. ಹತ್ತಕ್ಕೆ ಇಳಿದು ಇಡ್ಲಿ ತಿನ್ನು. ಒಂದೇ ಪ್ಲೇಟ್.

ಬಲಗಡೆ_ಸೀಟು
ಡಿಎ40 ಡೀಸೆಲ್‌ನಲ್ಲಿ ಟರ್ಬೊ ಇದೆ ಅಂತ ಮತ್ತೆ ನೆನಪಿಸುತ್ತೇನೆ. ಎತ್ತರದಲ್ಲಿ ಅಷ್ಟು ಬೇಗ ಉಸಿರು ಕಟ್ಟುವುದಿಲ್ಲ.

ಹಳೇ_ಇನ್‌ಸ್ಟ್ರಕ್ಟರ್
ಆಯಿತು ತಮ್ಮಾ, ಈ ಅಂಕ ನಿನಗೆ. ನನ್ನ ಮನಸ್ಸಿನಲ್ಲಿರುವುದನ್ನೂ ಹೇಳುತ್ತೇನೆ. ಮೊದಲ ಐವತ್ತು ಅರವತ್ತು ಗಂಟೆ ಮುಳ್ಳಿನ ವಿಮಾನ, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ನೋಡದೆ ಉಪಕರಣ ನೋಡಿಯೇ ಹಾರುವುದು) ಹೊತ್ತಿಗೆ ಗ್ಲಾಸ್. ಎರಡೂ ಇರುವ ಸ್ಕೂಲ್ ಸಿಕ್ಕರೆ ಬಿಡಬೇಡಿ. ಒಂದು ಹಾರಾಟಕ್ಕೆ ಒಂದು, ಮರುದಿನ ಇನ್ನೊಂದು ಅಂತ ಬದಲಾಯಿಸುವ ಕಡೆ ಮಾತ್ರ ಹೋಗಬೇಡಿ. ಸೋಲೋ ಆಗುವವರೆಗೆ, ಅಂದರೆ ಒಬ್ಬರೇ ಹಾರುವವರೆಗೆ, ಒಂದೇ ವಿಮಾನ, ಆದಷ್ಟು ಒಬ್ಬರೇ ಇನ್‌ಸ್ಟ್ರಕ್ಟರ್.

ಬಲಗಡೆ_ಸೀಟು
ಇದಕ್ಕೆ ನನ್ನದೂ ಸಹಿ.

ಸ್ಪಾನರ್_ಸಿದ್ದ
ಸೆಸ್ನಾಗೆ ಹೋದರೆ ಒಂದು ಕೆಲಸ ತಪ್ಪಿಸಬೇಡ. ಸೀಟು ಮುಂದೆ ಎಳೆದು ಕೂತ ಮೇಲೆ ಹಿಂದೆ ಮುಂದೆ ಜೋರಾಗಿ ಅಲ್ಲಾಡಿಸು. ಕೆಳಗೆ ರೈಲಿನಲ್ಲಿ ತೂತುಗಳಿವೆ, ಅದರಲ್ಲಿ ಪಿನ್ ಕೂರಬೇಕು. ಸವೆದಿದ್ದರೆ ಟೇಕಾಫ್ ಹೊತ್ತಿಗೆ ಸೀಟು ಹಿಂದಕ್ಕೆ ಜಾರುತ್ತದೆ. ಜಾರಿದಾಗ ಕೈಯಲ್ಲಿ ಏನು ಹಿಡಿದಿರುತ್ತೀಯ? ಕಂಟ್ರೋಲ್. ಅದನ್ನೂ ಎಳೆದುಕೊಂಡೇ ಹಿಂದೆ ಹೋಗುತ್ತೀಯ. ಇದಕ್ಕೆ ಅಂತಲೇ ಕಡ್ಡಾಯ ತಪಾಸಣೆ ಇದೆ. ನೋಡಲು ಹೋದಾಗ ಹರಿದ ರೆಕ್ಸಿನ್ ನೋಡಿದೆಯಲ್ಲ, ಮುಂದಿನ ಸಲ ಅದರ ಕೆಳಗೆ ನೋಡು.

ದಾವಣಗೆರೆ_ಹುಡುಗ
ಮೂರು ವಾರ ಆದ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ.

ಹೇಳದೆ ಕೇಳದೆ ಎರಡೂ ಕಡೆ ಬೆಳಿಗ್ಗೆ ಆರಕ್ಕೆ ಹೋದೆ. ಎರಡನೆಯ ಕಡೆ ಕ್ಯಾಂಟೀನ್ ತುಂಬಾ ಹುಡುಗರು. ಯೂನಿಫಾರ್ಮ್ ಹಾಕಿಕೊಂಡು ಫೋನ್ ನೋಡುತ್ತಾ ಕೂತಿದ್ದರು. ಒಬ್ಬನನ್ನು ಕೇಳಿದೆ, ನಿಂದು ಇವತ್ತು ಇದೆಯಾ ಅಂತ. "ಬೋರ್ಡ್‌ನಲ್ಲಿ ಹೆಸರು ಬಂದರೆ ಇದೆ" ಅಂದ. ಅವನು ಕೊನೆಯ ಸಲ ಹಾರಿ ಹದಿನೇಳು ದಿನ ಆಗಿತ್ತು.

ಮೊದಲನೆಯ ಕಡೆ ಮೂರು ವಿಮಾನ ಹೊರಗೆ ನಿಂತಿದ್ದವು. ಒಬ್ಬಳು ಹುಡುಗಿ ಸೋಲೋ ಸರ್ಕ್ಯೂಟ್ ಮುಗಿಸಿ ಇಳಿದಳು. ಟೆಕ್ ಲಾಗ್‌ನಲ್ಲಿ (ವಿಮಾನದ ದೋಷ ಬರೆದಿಡುವ ಪುಸ್ತಕದಲ್ಲಿ) ಏನೋ ಬರೆದಳು. ಎಡಗಾಲಿನ ಬ್ರೇಕ್ ಮೆತ್ತಗಿದೆ ಅಂತ. ಮುಂದಿನ ಹುಡುಗ ಬ್ಯಾಗ್ ಹಿಡಿದುಕೊಂಡು ರೆಡಿಯಾಗಿ ನಿಂತಿದ್ದ. ಎಂಜಿನಿಯರ್ ಬಂದರು, ಓದಿದರು, ಒಂದು ಮಾತೂ ಆಡಲಿಲ್ಲ. ವಿಮಾನವನ್ನು ಹ್ಯಾಂಗರ್‌ಗೆ ಎಳೆಸಿಕೊಂಡು ಹೋದರು. ಬೋರ್ಡ್‌ನಲ್ಲಿ ಮೂರು ಹೆಸರು ಅಳಿಸಿದರು. ಆ ಹುಡುಗ ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಅಲ್ಲಿಗೇ ಸೇರಿದೆ. ಉಳಿದ 11 ಲಕ್ಷದಲ್ಲಿ ಮಲ್ಟಿ ಎಂಜಿನ್ನನ್ನು ಗ್ಲಾಸ್ ಇರುವ ಕಡೆ ಮಾಡಬೇಕು ಅಂತಿದ್ದೇನೆ. ಅಮ್ಮನಿಗೆ ವಿಮಾನ 1981ರದು ಅಂತ ಇನ್ನೂ ಹೇಳಿಲ್ಲ. ಬಿಳಿ ಬಣ್ಣದ್ದು ಅಂತ ಮಾತ್ರ ಹೇಳಿದ್ದೇನೆ.

ಬಲಗಡೆ_ಸೀಟು
ಶುಭವಾಗಲಿ. ಏರ್‌ಬಸ್‌ಗೆ ಬಂದಾಗ ಮುಳ್ಳು ಹುಡುಕಬೇಡಿ, ನನ್ನನ್ನು ನೆನಪಿಸಿಕೊಳ್ಳಿ.

ಮೈಸೂರಿನ_ತಾಯಿ
ಒಳ್ಳೇದಾಗಲಿ ಕಂದಾ. ಅಮ್ಮನಿಗೆ ನಿಜ ಹೇಳು, ಬೇರೆಯವರಿಂದ ಗೊತ್ತಾಗುವುದು ಬೇಡ.

ಸುಮ್ನೆ_ಓದೋನು
ತೂಕ ಎಷ್ಟಾಯಿತು?

ದಾವಣಗೆರೆ_ಹುಡುಗ
89.5. ದೋಸೆ ಬಿಟ್ಟಿದ್ದೇನೆ, ಬೆಣ್ಣೆ ಬಿಟ್ಟಿಲ್ಲ.

ಫೀನಿಕ್ಸ್_ಕನ್ನಡಿಗ
ಆ ಬಾಗಿಲು? ಈಗಲೂ ಮೂರು ಸಲ ಎಳೆಯಬೇಕಾ?

ದಾವಣಗೆರೆ_ಹುಡುಗ
ಹೂಂ ಸರ್. ಎಲ್ಲರಿಗೂ ಅಭ್ಯಾಸ ಆಗಿಬಿಟ್ಟಿದೆ.

ಸ್ಪಾನರ್_ಸಿದ್ದ
ಅಭ್ಯಾಸ ಮಾಡಿಕೊಳ್ಳಬೇಡಪ್ಪಾ. ನಾಳೆ ಹೋದ ತಕ್ಷಣ ಟೆಕ್ ಲಾಗ್‌ನಲ್ಲಿ ಬರಿ.